ಬೀಸಣಿಗೆಯಲ್ಲಿ ಹುಟ್ಟಿದವನು

ನಮ್ಮ ಮನೆಯ ಅಡುಗೆಕೋಣೆಯಲ್ಲಿ ಯಾರೂ ಜೋರಾಗಿ ಮಾತನಾಡುವಂತಿರಲಿಲ್ಲ. ಹುಳಿನೀರು ಮಲಗಿರುತ್ತದೆ, ಎಚ್ಚರವಾಗಿಬಿಡುತ್ತದೆ ಎಂದು ಅವ್ವ ಬೆರಳನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದಳು. ಒಲೆಯ ಪಕ್ಕ ಗೋಡೆಗೊರಗಿದ ಕಂದು ಜಾಡಿ, ಅದರ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೊಂದು ಹೊಳೆಗಲ್ಲು. ಇವತ್ತು ಹಾಲು ಒಡೆದು ಉಳಿದ ನೀರು ಆ ಜಾಡಿಗೆ ಹೋಗುತ್ತದೆ, ಕತ್ತಲಲ್ಲಿ ಕೂತು ಹುಳಿಯುತ್ತದೆ, ನಾಳೆಯ ಹಾಲನ್ನು ತಾನೇ ಒಡೆಯುತ್ತದೆ. ನಾಳೆಯದರಲ್ಲಿ ಉಳಿದದ್ದು ನಾಡಿದ್ದಿಗೆ. ಹೀಗಾಗಿ ನನ್ನ ಮುತ್ತಜ್ಜಿ ಸುರಿದ ನೀರಿನ ಒಂದು ಹನಿಯಾದರೂ ಅದರೊಳಗೆ ಇನ್ನೂ ತಿರುಗುತ್ತಿದೆ ಎಂಬುದು ನಮ್ಮ ನಂಬಿಕೆ.

"ಅದು ಕನಸು ಕಾಣ್ತದೆ ಕಣೇ," ಅನ್ನುತ್ತಿದ್ದಳು ಅವ್ವ, ನಾನು ಚಿಕ್ಕವಳಿದ್ದಾಗ.

"ಏನ್ ಕನಸವ್ವ?"

"ಇನ್ನೇನು, ಹಸುಗಳದ್ದು. ಸತ್ತೋಗಿರೋ ಹಸುಗಳೆಲ್ಲ ಅದರೊಳಗೆ ಮೇಯ್ತಾ ಇರ್ತವೆ."

ಈಗಲೂ ಆ ಜಾಡಿಯ ಬಟ್ಟೆ ಸರಿಸಿದಾಗ ನನಗೆ ಹುಲ್ಲಿನ ವಾಸನೆ ಬಂದಂತಾಗುತ್ತದೆ. ಅವ್ವ ಹೇಳಿದ್ದು ಕಿವಿಗೆ ಹೋಗುವ ಬದಲು ಮೂಗಿಗೆ ಹೋಗಿ ಕೂತಿದೆ.

ಆ ಹುಳಿನೀರಿನಲ್ಲಿ ಹಾಲು ಒಡೆದು ಮಾಡುವ ತಿನಿಸು ಹಾಲಬೀಸಣಿಗೆ; ಮಾಡುವುದು ನೋಡಲು ಬಹಳ ಸುಲಭ. ಬಾಣಲೆಯಲ್ಲಿ ಹುಳಿನೀರು ಬಿಸಿಯಾಗಬೇಕು, ಕುದಿಯಬಾರದು. ಬೆರಳು ಅದ್ದಿದರೆ "ಅಯ್ಯೋ" ಅನ್ನಿಸಬೇಕು, "ಅಯ್ಯಯ್ಯೋ" ಅನ್ನಿಸಬಾರದು. ಅದು ಅವ್ವನ ಅಳತೆ. ಅದಕ್ಕೊಂದು ಸೌಟು ಆಗಷ್ಟೇ ಕರೆದ ಹಾಲು. ಬಾಣಲೆಯನ್ನು ಮೆಲ್ಲಗೆ ಒಮ್ಮೆ ತಿರುಗಿಸಿದರೆ ಹಾಲು ಮೋಡದ ಹಾಗೆ ಕೂಡಿಕೊಳ್ಳುತ್ತದೆ. ಆ ಮೋಡವನ್ನು ಎರಡು ಉದ್ದನೆಯ ಕಡ್ಡಿಗಳಿಂದ ಒತ್ತಿ, ನಾದಿ, ಎತ್ತಿ, ಬಿಸಿಯಾಗಿರುವಾಗಲೇ ಅಗಲಕ್ಕೆ ಎಳೆದು, ಬಿದಿರಿನ ಜೋಡಿ ಗಳುಗಳಿಗೆ ಸುತ್ತಿ ಅಂಗಳದ ಗಾಳಿಗೆ ಇಡಬೇಕು. ಒಣಗಿದಾಗ ಬೀಸಣಿಗೆಯ ಆಕಾರ, ಮೇಲ್ಗಡೆ ಎರಡು ಕಿವಿ, ಹಿಡಿದು ನೋಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳು. ಸುಲಭ ಅಂದೆನಲ್ಲ, ನೋಡಲು ಮಾತ್ರ. ಸರೋವರದ ತಲೆಯ ಭಾಗದಲ್ಲಿರುವ ನಮ್ಮ ಡೆಂಗ್‌ಚುವಾನ್ ಸೀಮೆಯಲ್ಲಿ ಮನೆಮನೆಯಲ್ಲೂ ಇದನ್ನು ಮಾಡುತ್ತಾರೆ, ಮನೆಮನೆಯದೂ ಬೇರೆ ರುಚಿ. ಜಾಡಿ ಬೇರೆ, ಕನಸು ಬೇರೆ.

ಜಾಡಿ ಮನೆಯ ಹಿರಿಯ ಹೆಂಗಸಿನದು. ಅವಳ ಹೊರತು ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ, ಸೌಟು ಅದ್ದುವಂತಿಲ್ಲ. ಎಲ್ಲಿಯವರೆಗೆ ಎಂದರೆ, ಅವಳ ಕೈ ತಪ್ಪಿ ಒಮ್ಮೆ ಬೇರೆ ಜಾಡಿಗೆ ಹೋಗುವವರೆಗೆ. ನನ್ನ ಅಜ್ಜಿ ಒಂದು ಬೆಳಿಗ್ಗೆ ಹುಳಿನೀರೆಂದುಕೊಂಡು ಪಕ್ಕದ ಜಾಡಿಯ ಅಕ್ಕಿ ಹೆಂಡವನ್ನು ಬಾಣಲೆಗೆ ಸುರಿದಳಂತೆ. ಅವಳೇ ಸೌಟನ್ನು ಸೆರಗಿನಲ್ಲಿ ಒರೆಸಿ ನನ್ನ ಅವ್ವನ ಕೈಗೆ ಕೊಟ್ಟು, ಅಂಗಳದ ಮೂಲೆಯಲ್ಲಿ ಬಿಸಿಲು ಬೀಳುವ ಕಲ್ಲಿನ ಮೇಲೆ ಹೋಗಿ ಕೂತಳು.

"ಆಮೇಲೆ ಒಳಗೇ ಬರ್ಲಿಲ್ವಾ?" ಎಂದು ನಾನು ಕೇಳುತ್ತಿದ್ದೆ.

"ಊಟಕ್ಕೆ ಬರ್ತಿದ್ಲು. ಒಲೆ ಹತ್ರ ಬರ್ಲಿಲ್ಲ."

ಇಷ್ಟು ಹೇಳಿ ಅವ್ವ ಮಾತು ಬದಲಿಸುತ್ತಿದ್ದಳು. ಹುಲಿಗೂ ಹಾವಿಗೂ ಹೆದರದ ನನ್ನ ಅವ್ವ ಆ ಬಿಸಿಲುಕಲ್ಲಿನ ಮೇಲೆ ಒಂದು ದಿನವೂ ಕೂತಿದ್ದನ್ನು ನಾನು ನೋಡಲಿಲ್ಲ.

ಈಗ ಶುಯ್‌ಶೆಂಗ್ ವಿಷಯಕ್ಕೆ ಬರುತ್ತೇನೆ. ಅವನು ನನ್ನ ಮಗಳು ಸುಯುನ್‌ಳ ಗಂಡ. ಸರೋವರದ ಅಂಚಿನ ಬೆಸ್ತರ ಹುಡುಗ. ದೋಣಿಯಲ್ಲೇ ಹುಟ್ಟಿದ್ದರಿಂದ ಆ ಹೆಸರು, ನೀರಲ್ಲಿ ಹುಟ್ಟಿದವನು ಅಂತ. ಸುಯುನ್ ಬೀಸಣಿಗೆ ಮಾರಲು ಸಂತೆಗೆ ಹೋದವಳು ಅವನನ್ನು ನೋಡಿಕೊಂಡು ಬಂದಳು. ನಮ್ಮ ಮನೆಯಲ್ಲಿ ಗಂಡು ಸಂತಾನ ನಿಲ್ಲುವುದಿಲ್ಲ. ಆದ್ದರಿಂದ ಅವನೇ ನಮ್ಮ ಮನೆಗೆ ಬಂದ.

ಗಂಡು ಹೆಣ್ಣಿನ ಮನೆಗೆ ಬಂದು ನೆಲೆಸುವುದು ನಮ್ಮ ಬಾಯ್ ಎಂಬ ಜನಾಂಗದಲ್ಲಿ ಹೊಸದೇನಲ್ಲ, ಅವಮಾನವೂ ಅಲ್ಲ. ಮದುವೆಯ ದಿನ ಊರ ದೇವರ ಗುಡಿಯಲ್ಲಿ ಅವನು ಹುಟ್ಟಿದ ಮನೆಯ ಹೆಸರನ್ನು ಕಳಚಿಡುತ್ತಾನೆ. ಹಿರಿಯರು ಹೊಸದೊಂದನ್ನು ಆರಿಸುತ್ತಾರೆ. ಇವನಿಗೆ ಆರಿಸಿದ್ದು ಯಿನ್ ಶಾನ್‌ಶೆಂಗ್. ಯಿನ್ ನಮ್ಮ ಮನೆತನ. ಶಾನ್‌ಶೆಂಗ್ ಎಂದರೆ ಬೆಟ್ಟದಲ್ಲಿ ಹುಟ್ಟಿದವನು. ನೀರು ಬಿಟ್ಟು ಬೆಟ್ಟಕ್ಕೆ ಬಂದನಲ್ಲ, ಅದಕ್ಕೆ. "ಶಾನ್ ಅನ್ನೋದನ್ನ ಮೇಲಕ್ಕೇ ಹಿಡಿದು ಹೇಳ್ಬೇಕು, ಹುಷಾರು. ಕೆಳಗೆ ಬಿಟ್ರೆ ಬೆಟ್ಟ ಹೋಗಿ ಬೀಸಣಿಗೆ ಆಗ್ಬಿಡುತ್ತೆ," ಎಂದು ಗುಡಿಯ ಪೂಜಾರಿ ಆವತ್ತೇ ನಗಿಸಿದ್ದ. ನಮ್ಮ ಮಾತಿನಲ್ಲಿ ಒಂದೇ ಸದ್ದು, ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು.

ಆದರೆ ಹಿರಿಯರು ಆರಿಸಿದ ಮಾತ್ರಕ್ಕೆ ಅದು ಹೆಸರಾಗುವುದಿಲ್ಲ. ಮನೆಯ ಹಿರಿಯಳು ಬಾಯಿಬಿಟ್ಟು ಒಮ್ಮೆ ಕರೆಯಬೇಕು. ಕರೆಯುವ ದಿನ ಹುಳಿನೀರಿಗೆ, ಒಲೆಯ ಬಳಿ ಅದರ ಪಕ್ಕದಲ್ಲೇ ಇರುವ ಪ್ಲಮ್ ಜಾಡಿಯ ರಸ ಬೆರೆಸುತ್ತಾರೆ. ಹಣ್ಣಿನ ಜೊತೆ ಗುಲಾಬಿ ಪಕಳೆ, ಸಕ್ಕರೆ ಹಾಕಿ ವರ್ಷಗಟ್ಟಲೆ ಇಟ್ಟ ಕೆಂಪು ರಸ ಅದು. ಬೀಸಣಿಗೆಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಅವನ್ನು ಅಂಗಳದಲ್ಲಿ ಕಂಡರೆ ಸಾಕು, ಊರಿಗೇ ಊಟ ಕರೆದ ಹಾಗೆ. ಯಾರೂ ಹೇಳಿ ಕಳಿಸುವ ಅಗತ್ಯವಿಲ್ಲ. ಜನ ಬಂದು ಕೂರುತ್ತಾರೆ, ಹುಡುಗ ಎಲ್ಲರಿಗೂ ಮೂರು ಸುತ್ತು ಚಹಾ ಕೊಡುತ್ತಾನೆ, ಎರಡನೇ ಸುತ್ತಿನಲ್ಲಿ ಹಿರಿಯಳು ಅವನ ಹೆಸರು ಹೇಳುತ್ತಾಳೆ. ಅಲ್ಲಿಯವರೆಗೆ ಊರಲ್ಲಿ ಬೇರೆ ಯಾರೂ ಆ ಹೆಸರನ್ನು ನಾಲಗೆಗೆ ತರುವಂತಿಲ್ಲ.

ಅವ್ವ ಕರೆಯಲಿಲ್ಲ. ಅವರೆ ಗದ್ದೆಗಳು ಒಮ್ಮೆ ಹೂಬಿಟ್ಟು, ಕಾಯಿ ಕಟ್ಟಿ, ಮತ್ತೆ ಹೂವಿಗೆ ಬಂದವು. ಅವಳು ಅವನನ್ನು "ಅತಿಥಿಗಳು" ಅನ್ನುತ್ತಲೇ ಇದ್ದಳು.

"ಲಾನ್, ಅತಿಥಿಗಳಿಗೆ ಅನ್ನ ಬಡಿಸು." ಲಾನ್ ಎಂದರೆ ನಾನು.

"ಅತಿಥಿಗಳು ಯಾಕೆ ಸಗಣಿ ಬಾಚ್ತಾ ಇದಾರೆ? ಅವರ ಕೈಗೆ ವಾಸನೆ ಆಗಲ್ವಾ? ಮೀನಿನ ವಾಸನೆ ರೂಢಿ, ಇದು ರೂಢಿ ಇಲ್ವಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ಅವಳು ಬೈಯಲೂ ಇಲ್ಲ. ತಾವು, ತಮಗೆ, ಕೂತ್ಕೊಳ್ಳಿ, ದಯಮಾಡಿಸಿ. ಹೂವಿನ ಅಂಚಿನ ಬಟ್ಟಲು ಅವನಿಗೇ ಮೀಸಲು, ಅದು ಬಂದುಹೋಗುವವರಿಗೆಂದು ಇಟ್ಟದ್ದು. ಮನೆಯ ನಾಯಿಯನ್ನೂ "ಲೋ" ಅಂತ ಕರೆಯುತ್ತಿದ್ದವಳು ಅವನಿಗೆ ಬಹುವಚನ ಹೊದಿಸಿ ಬಾಗಿಲಾಚೆ ಕೂರಿಸಿದ್ದಳು.

ತಪ್ಪು ಅವನದಲ್ಲ, ನನ್ನ ಗಂಡನದು. ಅವನೂ ಹೀಗೇ ಬಂದವನು. ಮೇಲಿನ ಕೇರಿಯವನು, ನಗುಮುಖ, ಹಾಡು ಬೇರೆ ಹೇಳುತ್ತಿದ್ದ. ಬಂದ ವಾರಕ್ಕೇ ಅವ್ವ ಗುಲಾಬಿ ಬೀಸಣಿಗೆ ಕಟ್ಟಿ, ಊರೆಲ್ಲ ಕರೆದು, ಬಾಯಿತುಂಬ ಹೆಸರು ಹೇಳಿದಳು. ಸುಯುನ್ ಹೆಜ್ಜೆ ಇಡಲು ಕಲಿಯುವ ಹೊತ್ತಿಗೆ ಲಾರಿ ಹತ್ತಿ ಕುನ್‌ಮಿಂಗ್ ಪಟ್ಟಣದ ಕಡೆ ಹೋದ. ಹೋದವನು ಹೋದ. ನಾನು ಅತ್ತದ್ದು ಅವನಿಗೆ. ಅವ್ವ ಕೊರಗಿದ್ದು ಹೆಸರಿಗೆ.

"ನಮ್ಮ ಹೆಸರು ಹಾಕ್ಕೊಂಡು ಹೋಗ್ಬಿಟ್ಟ ಕಣೇ. ಅಂಗಿ ಆಗಿದ್ರೆ ಇಷ್ಟೊತ್ತಿಗೆ ಹರಿದೋಗಿರೋದು. ಹೆಸರು ಹರಿಯಲ್ಲ. ಎಲ್ಲೋ ಯಾವ ಊರಲ್ಲೋ ನಮ್ಮ ಹೆಸರು ಓಡಾಡ್ತಾ ಇದೆ, ನಮ್ಮನ್ನ ಬಿಟ್ಟು."

ಹೀಗಾಗಿ ಶುಯ್‌ಶೆಂಗ್ ಬಂದಾಗ ಅವಳ ತೀರ್ಮಾನ ಒಂದೇ: "ಮೀನು ನೀರಿಗೇ ಹೋಗೋದು. ನೋಡೋಣ ಬಿಡು."

ಅವನು ಒಳ್ಳೆಯ ಹುಡುಗ. ಮಾತು ಕಡಿಮೆ. ಎತ್ತರ ಎಷ್ಟೆಂದರೆ ನಮ್ಮ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳದ ದಿನವಿಲ್ಲ. ಸುಯುನ್ ಅಲ್ಲಿಗೊಂದು ಹಳೆಯ ಬಟ್ಟೆ ಸುತ್ತಿಟ್ಟಳು. ಹಸುಗಳಿಗೆ ಅವನೆಂದರೆ ಪ್ರೀತಿ. ಬೀಸಣಿಗೆ ಎಳೆಯುವುದನ್ನೂ ಕಲಿತ. ಕಿವಿ ಮಾತ್ರ ಒಂದು ದೊಡ್ಡದು, ಒಂದು ಚಿಕ್ಕದು. "ಅತಿಥಿಗಳು ಮಾಡಿದ ಬೀಸಣಿಗೆ ಒಂದು ಕಡೆಯಿಂದ ಮಾತ್ರ ಕೇಳಿಸ್ಕೊಳ್ಳುತ್ತೆ," ಎಂದಳು ಅವ್ವ. ನಾವು ನಕ್ಕೆವು, ಅವನೂ ನಕ್ಕ. ಆದರೆ ಆಮೇಲೆ ದನದ ಕೊಟ್ಟಿಗೆಯಲ್ಲಿ ಬಹಳ ಹೊತ್ತು ಇದ್ದ.

ಆ ವಸಂತದಲ್ಲಿ ಅವನ ಅಣ್ಣ ಬಂದಿದ್ದ, ಬುಟ್ಟಿಯಲ್ಲಿ ಮೀನು ಹೊತ್ತು. ಅಂಗಳದಲ್ಲಿ ನಿಂತು ಅವನು ಕೇಳಿದ್ದನ್ನು ನಾನೂ ಸುಯುನ್‌ಳೂ ಒಳಗಿನಿಂದ ಕೇಳಿಸಿಕೊಂಡೆವು.

"ಲೋ, ನಿನ್ನ ಏನಂತ ಕರೀಲಿ? ಹಳೇ ಹೆಸರು ಕರೆದ್ರೆ ಅಪ್ಪ ಹೊಡೀತಾನೆ, ಬಿಟ್ಟುಕೊಟ್ಟಾಯ್ತು ಅಂತ. ಹೊಸದು ಕರೆದ್ರೆ ಈ ಮುದುಕಿ ಹೊಡೀತಾಳೆ. ಏಯ್ ಅನ್ಲಾ?"

"ಅನ್ನು."

"ನೀನೇನು ಮನುಷ್ಯನೋ, ಎರಡು ದಡದ ಮಧ್ಯೆ ಕಟ್ಟಿದ ದೋಣಿಯೋ? ಅವರೆ ಕೊಯ್ಲಿನೊಳಗೆ ಕರೀಲಿಲ್ಲ ಅಂದ್ರೆ ಬಂದ್ಬಿಡು. ಬಲೆ ನೇಯೋಕೆ ಜನ ಇಲ್ಲ. ಹೆಂಡ್ತಿನೂ ಕರ್ಕೊಂಡು ಬಾ."

ಶುಯ್‌ಶೆಂಗ್ ಇಲ್ಲ ಅನ್ನಲಿಲ್ಲ. ಸುಯುನ್ ಕೈಯಲ್ಲಿದ್ದ ಮೀನನ್ನು ಹಾಗೇ ಹಿಡಿದು ನಿಂತಳು, ಅದರ ಬಾಲದಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. "ಅಮ್ಮ," ಅಂದಳು ನನಗೆ, "ಅವನು ಹೋದ್ರೆ ನಾನೂ ಹೋಗ್ತೀನಿ. ಆಮೇಲೆ ಜಾಡಿ ಯಾರಿಗೆ?" ಗದ್ದೆಯಲ್ಲಿ ಅವರೆ ಆಗಲೇ ಕಾಯಿ ಕಚ್ಚಿತ್ತು.

ಆ ಬೆಳಿಗ್ಗೆ ಮಂಜು ಮನೆಯೊಳಗೇ ಬಂದಿತ್ತು. ಊರ ಹಿಂದೆ ಬಿಸಿನೀರಿನ ಬುಗ್ಗೆ ಇದೆ. ಚಳಿ ಬಿದ್ದ ಮುಂಜಾವಿನಲ್ಲಿ ಅದರ ಹಬೆಯೂ ಸರೋವರದ ಮಂಜೂ ಕೈಹಿಡಿದುಕೊಂಡು ಓಣಿ ಓಣಿ ಸುತ್ತುತ್ತವೆ. ಹಸುವಿನ ಕೊಂಬು ಕಾಣಿಸಿದರೆ ಹಸು ಕಾಣಿಸುವುದಿಲ್ಲ. ಒಳಗೆ ಬಾಣಲೆಯ ಆವಿ, ಹೊರಗಿನಿಂದ ಮಂಜು. ನಾನು ಒಲೆಯ ಮುಂದೆ ಕೂತು ಕಡ್ಡಿ ನೂಕುತ್ತಾ ಅರ್ಧ ನಿದ್ದೆಯಲ್ಲಿದ್ದೆ. ಅವ್ವ ಬಿಳಿ ಆವಿಯೊಳಗೆ ಒಂದು ನೀಲಿ ತಲೆವಸ್ತ್ರವಾಗಿ ಮಾತ್ರ ಕಾಣುತ್ತಿದ್ದಳು. ಅವಳ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಅವಳು ಕೆಲಸ ಮಾಡುತ್ತಿದ್ದುದು ಮೂಗಿನಿಂದ, ಬೆರಳಿನಿಂದ. ಶುಯ್‌ಶೆಂಗ್ ಅವಳ ಎಡಕ್ಕೆ ಬಿದಿರು ಗಳು ಹಿಡಿದು ನಿಂತಿದ್ದ.

ಇದ್ದಕ್ಕಿದ್ದಂತೆ ನನಗೆ ಗುಲಾಬಿ ವಾಸನೆ ಬಂತು. ಎಚ್ಚರವಾಗಲಿಲ್ಲ, ನಾನು ನನ್ನ ಮದುವೆಯ ವಾರದೊಳಕ್ಕೆ ಇಳಿದುಹೋದೆ. ಅಂಗಳದ ತುಂಬ ಜನ. ನನ್ನ ಗಂಡ ಹಾಡುತ್ತಿದ್ದಾನೆ. ಅವ್ವನ ತಲೆಗೂದಲು ಕಪ್ಪಗಿದೆ. ಬಿಸಿಲುಕಲ್ಲಿನ ಮೇಲೆ, ಎಂದೋ ತೀರಿಕೊಂಡ ಅಜ್ಜಿ ಕೂತು ಚಹಾ ಊದುತ್ತಿದ್ದಾಳೆ. ಯಾರೂ ಎಲ್ಲಿಗೂ ಹೋಗಿಲ್ಲ. ಎಂಥ ಒಳ್ಳೆಯ ಕನಸು, ಹುಳಿನೀರು ನನ್ನನ್ನೂ ತನ್ನ ಕನಸಿಗೆ ಸೇರಿಸಿಕೊಂಡಿತಲ್ಲ ಎಂದು ಸಂತೋಷಪಡುತ್ತಾ ಕೂತೆ. ಬಾಣಲೆ ತಿರುಗುವ ಸದ್ದು, ಕಡ್ಡಿಗಳ ಟಿಕ್ ಟಿಕ್, ಗಳುಗಳನ್ನು ಹೊತ್ತು ಅಂಗಳಕ್ಕೆ ಹೋಗಿಬರುವ ಶುಯ್‌ಶೆಂಗ್‌ನ ಹೆಜ್ಜೆ.

ಹಾಲು ಮುಗಿದ ಮೇಲೆ ಎದ್ದು ಹೊರಗೆ ಬಂದೆ. ಮಂಜು ಹರಿಯುತ್ತಿತ್ತು. ಸಾಲಾಗಿ ನಿಂತ ಬಿದಿರು ಚೌಕಟ್ಟುಗಳ ಮೇಲೆ ಬೀಸಣಿಗೆಗಳು ಒಂದೊಂದಾಗಿ ಮೂಡಿಬಂದವು, ನಸುಗೆಂಪಾಗಿ. ಮುಂಜಾವಿನ ಬಿಸಿಲು ಬಿದ್ದದ್ದಕ್ಕೆ ಹಾಗೆ ಕಾಣುತ್ತಿದೆ ಅಂದುಕೊಂಡೆ. ಬಿಸಿಲು ಏರಿತು, ಬಣ್ಣ ಇಳಿಯಲಿಲ್ಲ. ಅಂಗಳದಲ್ಲಿ ಬೆಳಕಿನದೇ ಬಟ್ಟೆ ಒಗೆದು ಹರವಿದಂತಿತ್ತು. ಒಂದು ಜೇನು ಬಂದು ಅವುಗಳ ಮೇಲೆ ಕೂತು, ಇದು ಹೂವೋ ಅಲ್ಲವೋ ಎಂದು ಯೋಚಿಸುತ್ತಿತ್ತು.

ಶುಯ್‌ಶೆಂಗ್ ಚೌಕಟ್ಟುಗಳ ನಡುವೆ ನಿಂತಿದ್ದ, ಕೈ ಕಟ್ಟಿಕೊಂಡು.

"ನೀನು ನೋಡಿದ್ಯಾ?" ಎಂದು ಪಿಸುಗುಟ್ಟಿದೆ.

"ನೋಡ್ದೆ ಅತ್ತೆ. ಸೌಟು ಪ್ಲಮ್ ಜಾಡಿಗೆ ಹೋಯ್ತು."

"ಮತ್ತೆ ಹೇಳ್ಬಾರ್ದಾ?"

ಅವನು ನೆಲ ನೋಡಿದ. "ಅತಿಥಿ ಮನೆಯವರ ತಪ್ಪು ಎತ್ತಿ ಆಡ್ಬಾರ್ದಲ್ವಾ."

ಅಷ್ಟರಲ್ಲಿ ಅವ್ವನೇ ಬಾಗಿಲಿಗೆ ಬಂದಳು. ಹತ್ತಿರದ ಚೌಕಟ್ಟಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಬೆರಳು ಸವರಿ ನಾಲಗೆಗಿಟ್ಟಳು. ಆಮೇಲೆ ತಲೆ ಎತ್ತಿ, ಬೀಸಣಿಗೆಗಳನ್ನೂ ನಮ್ಮನ್ನೂ ಬಿಟ್ಟು, ಅಂಗಳದ ಮೂಲೆಯ ಕಲ್ಲಿನ ಕಡೆ ನೋಡಿದಳು. ಬಿಸಿಲು ಆಗ ತಾನೇ ಅದರ ಮೇಲೆ ಬಂದು ಕೂತಿತ್ತು, ಜಾಗ ಬೆಚ್ಚಗೆ ಮಾಡಿಡುವವರ ಹಾಗೆ.

"ಅವ್ವ, ಯಾರೂ ನೋಡಿಲ್ಲ, ಒಳಗಿಟ್ಬಿಡ್ತೀವಿ," ಎಂದು ನಾನು ಒಂದು ಚೌಕಟ್ಟಿಗೆ ಕೈ ಹಾಕಿದೆ. ಹಾಕಿದ್ದೇ ತಡ, ಗೋಡೆಯ ಮೇಲೊಂದು ತಲೆ ಎದ್ದಿತು. ಕಡಲೆಹಿಟ್ಟಿನ ಮಣ್ಣಿ ಮಾರುವ ಪಕ್ಕದ ಮನೆಯ ಡಾಂಗ್ ಅತ್ತಿಗೆ. ಅವಳ ಬಾಯಿಗೆ ಗುಡಿಯ ಗಂಟೆಯೂ ಸಮವಲ್ಲ.

"ಲಾನ್! ಏ ಲಾನ್! ಅಯ್ಯೋ ನನ್ನ ಕಣ್ಣೇ! ಕಟ್ಟೇಬಿಟ್ರಾ! ಒಂದು ಮಾತು ಹೇಳ್ಬಾರ್ದಾ? ನನ್ನ ಕೂದಲು ನೋಡು, ಕಾಗೆ ಗೂಡು! ಹೀಗೆ ಹೇಗೆ ಬರ್ಲಿ?"

"ಅತ್ತಿಗೆ, ಸ್ವಲ್ಪ ತಡಿ..."

"ಏನ್ ತಡಿಯೋದು? ಒಂದು ವರ್ಷ ತಡೆದು ನಮ್ಮ ನಾಲಗೆಗೆ ಹುಣ್ಣಾಗಿದೆ! ಆ ಹುಡುಗನ್ನ ನಾನು 'ಉದ್ದಾ' ಅಂತ ಕರೀತಾ ಇದೀನಿ, ಹೆಸರಿಲ್ದೆ!" ತಲೆ ಗೋಡೆಯಾಚೆ ಮುಳುಗಿತು. ಓಣಿಯಲ್ಲಿ ಅವಳ ದನಿ ಮನೆಯಿಂದ ಮನೆಗೆ ಓಡುವುದು ಕೇಳಿಸಿತು: "ಯಿನ್ ಮನೆಯಲ್ಲಿ ಗುಲಾಬಿ ಕಟ್ಟಿದಾರೆ! ಗುಲಾಬಿ ಕಟ್ಟಿದಾರೆ!"

ಇನ್ನು ತಡೆಯುವವರು ಯಾರು? ಒಲೆಯ ಅನ್ನ ಕೆಳಗಿಳಿಸುವಷ್ಟರಲ್ಲಿ ಅಂಗಳ ತುಂಬಿತು. ಅಕ್ರೋಟು ತಂದವರು, ಮೊಟ್ಟೆ ತಂದವರು, ಬರಿಗೈಲಿ ಬಂದು ಹಸಿವೆ ತಂದವರು. ಪೂಜಾರಿ ತನ್ನ ಒಳ್ಳೆಯ ಅಂಗಿ ಹಾಕಿಕೊಂಡು ಬಂದ. ಮೂರು ತಂತಿ ವಾದ್ಯದ ಮುದುಕ ಬಂದು ಯಾರೂ ಕೇಳದೆಯೇ ಶ್ರುತಿ ಮಾಡತೊಡಗಿದ. ಡಾಂಗ್ ಅತ್ತಿಗೆ ತಲೆ ಬಾಚಿ ಹೂ ಮುಡಿದು ಮುಂದಿನ ಸಾಲಿನಲ್ಲೇ ಕೂತಳು. ಎಲ್ಲರ ಮುಖದ ಮೇಲೂ ಬೀಸಣಿಗೆಗಳ ನಸುಗೆಂಪು ಬೆಳಕು ಬಿದ್ದು, ನಮ್ಮ ಊರಿನವರೆಲ್ಲ ಆವತ್ತು ಸುಂದರವಾಗಿ ಕಾಣುತ್ತಿದ್ದರು, ಪೂಜಾರಿಯೂ.

ಅವ್ವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು.

ಅಡುಗೆಕೋಣೆಯಲ್ಲಿ ಶುಯ್‌ಶೆಂಗ್ ಮಣ್ಣಿನ ಕುಡಿಕೆಯಲ್ಲಿ ಚಹಾ ಎಲೆ ಹುರಿಯುತ್ತಿದ್ದ. ಎಲೆಗಳು ಕುಡಿಕೆ ತಪ್ಪಿ ಕೆಂಡಕ್ಕೆ ಬೀಳುತ್ತಿದ್ದವು. ಸುಯುನ್ ಒಂದು ಬೀಸಣಿಗೆಯನ್ನು ಸಣ್ಣಗೆ ಹರಿದು ಬಟ್ಟಲುಗಳಿಗೆ ಹಾಕುತ್ತಿದ್ದಳು, ಎರಡನೇ ಸುತ್ತಿನ ಸಿಹಿ ಚಹಾಕ್ಕೆ.

"ಅತ್ತೆ," ಎಂದ ಅವನು, "ನಾನು ಹೇಳ್ಬಿಡ್ತೀನಿ. ಬೆಳಿಗ್ಗೆ ಗುಡಿಸುವಾಗ ನಾನೇ ಜಾಡಿಗಳನ್ನ ಆ ಕಡೆ ಈ ಕಡೆ ಮಾಡ್ದೆ, ಅವರಿಗೆ ಗೊತ್ತಾಗ್ಲಿಲ್ಲ ಅಂತ."

"ಹುಚ್ಚಾ ನಿಂಗೆ?" ಸುಯುನ್ ತಿರುಗಿದಳು. "ಜಾಡಿ ಮುಟ್ಟಿದವನನ್ನ ಯಾರಾದ್ರೂ ಮನೆಯವನು ಅಂತಾರಾ? ಆಮೇಲೆ ಜನ್ಮಪೂರ್ತಿ ನೀನು ಅತಿಥಿಗಳೇ!"

"ಇಲ್ಲಾಂದ್ರೆ ಅವರ ಕೈ ತಪ್ಪಿದ್ದು ಊರಿಗೆಲ್ಲ ಗೊತ್ತಾಗುತ್ತೆ. ಸೌಟು ಕೊಡ್ಬೇಕಾಗುತ್ತೆ. ಆ ಕಲ್ಲಿನ ಮೇಲೆ..." ಅವನು ನನ್ನ ಕಡೆ ನೋಡಿದ. "ನಂಗೆ ಹೆಸರಿಲ್ದೆ ಅಭ್ಯಾಸ ಆಗಿದೆ ಅತ್ತೆ. ಅವರಿಗೆ ಜಾಡಿ ಇಲ್ದೆ ಅಭ್ಯಾಸ ಇಲ್ಲ."

ಒಂದು ಕಡೆ ನನ್ನ ಅವ್ವ, ಇನ್ನೊಂದು ಕಡೆ ನನ್ನ ಮಗಳ ಬಾಳು. ತಟ್ಟೆ ಎತ್ತಿ ಅವನ ಕೈಗಿಟ್ಟೆ, ಅಷ್ಟೇ. ಅವನು ಹೊರಗೆ ಹೋಗುವಾಗ ಚೌಕಟ್ಟಿಗೆ ಹಣೆ ಬಡಿಸಿಕೊಂಡ.

ಮೊದಲ ಸುತ್ತು ಕಹಿ. ಎಲ್ಲರೂ ಮುಖ ಹಿಂಡಿಕೊಂಡು ಕುಡಿದು, ಬದುಕು ಹೀಗೇ ಅಲ್ವಾ ಎಂದು ವಾಡಿಕೆಯ ನಿಟ್ಟುಸಿರು ಬಿಟ್ಟರು. ಅವ್ವ ಒಂದೇ ಗುಟುಕಿಗೆ ಕುಡಿದಳು. ಎರಡನೇ ಸುತ್ತಿನ ಬಟ್ಟಲುಗಳು ಬಂದವು; ಅಕ್ರೋಟಿನ ಚೂರು, ಬೆಲ್ಲ, ನಡುವೆ ಗುಲಾಬಿ ಎಳೆಗಳು ತೇಲುತ್ತಾ. ಇನ್ನು ಕೆಟಲಿನಿಂದ ಬಿಸಿ ಚಹಾ ಹುಯ್ಯಬೇಕು, ಅವಳು ಕರೆಯಬೇಕು. ತಂತಿ ವಾದ್ಯ ನಿಂತಿತು. ಅಂಗಳದಲ್ಲಿ ಕೊಟ್ಟಿಗೆಯ ಹಸು ಮೆಲುಕು ಹಾಕುವುದು ಮಾತ್ರ ಕೇಳಿಸುತ್ತಿತ್ತು.

ಅವ್ವ ಕರೆಯಲಿಲ್ಲ. ಪೊರೆ ಬಂದ ಕಣ್ಣಿನಿಂದ ಬಟ್ಟಲನ್ನೇ ನೋಡುತ್ತಾ ಕೂತಳು. ಕೆಟಲಿನ ಹಬೆ ತೆಳುವಾಗುತ್ತಾ ಬಂತು.

ಡಾಂಗ್ ಅತ್ತಿಗೆಗೆ ಮೌನ ಅಂದರೆ ತುರಿಕೆ. ಬಟ್ಟಲು ಮೂಸಿದಳು, ಅವ್ವನನ್ನು ನೋಡಿದಳು, ನಮ್ಮೆಲ್ಲರನ್ನು ನೋಡಿದಳು. ಕೆಟ್ಟವಳಲ್ಲ ಅವಳು, ಬಾಯಿಗೆ ಬಾಗಿಲಿಲ್ಲ.

"ದೊಡ್ಡವ್ವಾ," ಎಂದಳು, "ತಪ್ಪು ತಿಳೀಬೇಡ... ಇದು ಬೇಕೂಂತ ಮಾಡಿದ್ದೋ, ಇಲ್ಲಾ ಜಾಡಿ ತಪ್ತೋ?"

ಅವ್ವನ ಬೆರಳುಗಳು ಬಟ್ಟಲಿನ ಅಂಚನ್ನು ಸುತ್ತಿ ಸುತ್ತಿ ಬರುತ್ತಿದ್ದವು, ಕುರುಡರು ದಾರಿ ಹುಡುಕುವಂತೆ. ಅವಳ ಮುಖ ಮೆಲ್ಲಗೆ ಮೂಲೆಯ ಕಲ್ಲಿನತ್ತ ತಿರುಗಿತು. ಏಳುತ್ತಾಳೆ ಅಂದುಕೊಂಡೆ ನಾನು. ಎದ್ದು ಹೋಗಿ ಕೂತೇಬಿಡುತ್ತಾಳೆ. ಒಂದು ಕೈ ಆಗಲೇ ಕುರ್ಚಿಯ ತೋಳಿಗೆ ಬಂದಿತ್ತು.

ಆಗ ಶುಯ್‌ಶೆಂಗ್ ಕೆಟಲು ಹಿಡಿದೇ ಒಂದು ಹೆಜ್ಜೆ ಮುಂದೆ ಬಂದ. "ಅದು... ಅವರದು ಏನೂ ಇಲ್ಲ. ನಾನೇ ಬೆಳಿಗ್ಗೆ ಗುಡಿಸುವಾಗ ಆ ಜಾಡಿಗಳನ್ನ..."

"ಲೋ ಶಾನ್‌ಶೆಂಗ್!"

ಎಂಥ ಕೂಗು ಅದು! ಹುಳಿನೀರು ಎಚ್ಚರವಾಗುತ್ತದೆಂದು ಜೀವಮಾನವಿಡೀ ಪಿಸುಗುಟ್ಟಿದವಳ ಗಂಟಲಿನಿಂದ. ಸೂರಿನ ಪಾರಿವಾಳಗಳು ಎದ್ದವು.

"ದೊಡ್ಡೋರು ಮಾತಾಡುವಾಗ ಮಧ್ಯ ಬಾಯಿ ಹಾಕ್ತೀಯೇನೋ? ಯಾವನೋ ಕಲ್ಸಿದ್ದು ನಿಂಗೆ? ಚಹಾ ಆರ್ತಾ ಇದೆ, ಕಂಬದ ಹಾಗೆ ನಿಂತಿದೀಯಲ್ಲ, ಹುಯ್ಯೋ!"

ಅವಳು ಹೇಳಿದ್ದು ಮೊದಲು ಅರ್ಥವಾದದ್ದು ಸುಯುನ್‌ಗೆ. ಅವಳು ಬಾಗಿಲ ಬಳಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ಡಾಂಗ್ ಅತ್ತಿಗೆಗೆ. ಅವಳ ಮುಖದಲ್ಲಿ ನಗು ಕೆಳಗಿನಿಂದ ಮೇಲಕ್ಕೆ ಉಕ್ಕಿತು.

"ಕರೆದ್ಲು! ಆದರೆ... ಅಯ್ಯೋ ದೊಡ್ಡವ್ವಾ, ಸಿಟ್ಟಲ್ಲಿ ಕೆಳಗೆ ಬಿಟ್ಬಿಟ್ಟೆ ಕಣೇ! ಬೆಟ್ಟ ಅಲ್ಲ, ಬೀಸಣಿಗೆ! ಬೀಸಣಿಗೆಯಲ್ಲಿ ಹುಟ್ಟಿದೋನು!"

ಅಂಗಳ 'ಹೋ' ಎಂದು ನಕ್ಕಿತು. ಪೂಜಾರಿ ಕೈ ಎತ್ತಿ, ಹೇಳಿದ ಹೆಸರು ಹೇಳಿದಂತೆಯೇ ನಿಲ್ಲುತ್ತದೆ, ತಿದ್ದುವ ಪದ್ಧತಿ ಇಲ್ಲ ಎಂದು ಘೋಷಿಸಿದ. ಅಂಥ ಪದ್ಧತಿ ಇದೆಯೋ ಇಲ್ಲವೋ, ಅವನಿಗೆ ಹಸಿವಾಗಿತ್ತು. ತಂತಿ ವಾದ್ಯ ಶುರುವಾಯಿತು. ಹುಡುಗ ಮಾತ್ರ ಕೆಟಲು ಬಗ್ಗಿಸಿದವನು ಬಗ್ಗಿಸಿಕೊಂಡೇ ಇದ್ದ. ಅವ್ವನ ಬಟ್ಟಲು ತುಂಬಿ, ತಟ್ಟೆ ತುಂಬಿ, ಚಹಾ ಅವಳ ಮಡಿಲಿಗೆ ಹರಿಯಿತು.

"ಸಾಕೋ, ಮುಳುಗಿಸ್ತೀಯಾ ನನ್ನ! ನೀರಿನವನ ಬುದ್ಧಿ ಬಿಡ್ಲಿಲ್ಲ," ಎಂದಳು ಅವ್ವ, ಈಗ ಮೆಲ್ಲಗೆ. ಮತ್ತೆ ಡಾಂಗ್ ಅತ್ತಿಗೆಯ ಕಡೆ ತಿರುಗಿ, "ಏನೋ ಕೇಳಿದ್ಯಲ್ಲ. ನನ್ನ ಮನೆ ಜಾಡಿ, ನನ್ನ ಮನೆ ಹುಡುಗ. ನೀನು ಮಣ್ಣಿ ಕಲಸೋದು ನೋಡ್ಕೋ," ಎಂದಳು.

ಮೂರನೇ ಸುತ್ತಿನ ಚಹಾ ಜೇನು, ಶುಂಠಿ, ಕಾಡುಮೆಣಸಿನದು. ಗಂಟಲಲ್ಲಿ ಬಹಳ ಹೊತ್ತು ಉಳಿಯುವಂಥದ್ದು. ಅದನ್ನು ಕೊಡಲು ನನ್ನ ಬಳಿ ಬಂದಾಗ ಅವನು ಬಗ್ಗಿ, "ಅಮ್ಮ," ಅಂದ. ನನಗೆ ಮೆಣಸು ನೆತ್ತಿಗೇರಿತು ಎಂದು ಎಲ್ಲರಿಗೂ ಹೇಳಿದೆ.

ಮರುದಿನ ಪ್ಲಮ್ ಜಾಡಿ ಒಲೆಯ ಬಳಿ ಇರಲಿಲ್ಲ, ಅಟ್ಟದ ಮೇಲಿತ್ತು. ಯಾರಿಟ್ಟರೆಂದು ಅವ್ವ ಕೇಳಲಿಲ್ಲ. ಅಟ್ಟಕ್ಕೆ ಕೈ ಎಟುಕುವುದು ನಮ್ಮ ಮನೆಯಲ್ಲಿ ಒಬ್ಬನಿಗೇ. ಹೂವಿನ ಅಂಚಿನ ಬಟ್ಟಲು ಕಪಾಟಿಗೆ ಹೋಯಿತು. ಅವನಿಗೆ ಬಾಯಿ ಒಡೆದ ಹಳೆಯದೊಂದು ಬಂತು, ನಮ್ಮೆಲ್ಲರದರಂಥದ್ದು. ಅವರೆ ಕೊಯ್ಲಿಗೆ ಅವನ ಅಣ್ಣ ಮತ್ತೆ ಬಂದ, ಕರೆದುಕೊಂಡು ಹೋಗಲು. ಹೆಸರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ, ಕೊಯ್ಲು ಮುಗಿಯುವವರೆಗೂ ಇದ್ದು ನಮಗೇ ದುಡಿದು ಹೋದ.

ಬಹಳ ಕಾಲದ ನಂತರ ಒಮ್ಮೆ ಅವ್ವನನ್ನು ಕೇಳಿದೆ. ಯಾರ ಮನೆಯ ಹಸು ಯಾವ ಗದ್ದೆಯ ಸೊಪ್ಪು ತಿಂದಿತೆಂದು ಹಾಲು ಮೂಸಿಯೇ ಹೇಳುವವಳು ನೀನು, ನಿದ್ದೆಯಲ್ಲಿದ್ದ ನನಗೇ ಗುಲಾಬಿ ವಾಸನೆ ಬಂತು, ನಿನಗೆ ಬರಲಿಲ್ಲವೇ ಎಂದು.

"ಆವತ್ತು ನಂಗೆ ನೆಗಡಿ ಇತ್ತು," ಎಂದಳು.

ಅವಳು ಸೀನಿದ್ದು ನನಗೆ ನೆನಪಿಲ್ಲ. ಇರಲಿ, ಮಂಜಿನ ಬೆಳಗು, ನಾನು ಅರ್ಧ ಕನಸಿನಲ್ಲಿದ್ದೆ.

ನನಗೆ ಚೆನ್ನಾಗಿ ನೆನಪಿರುವುದು ಆ ದಿನದ ಮಾರನೆಯ ಬೆಳಿಗ್ಗೆ. ಬಾಣಲೆ ಬಿಸಿಯಾಗಿತ್ತು, ಅವ್ವ ಬಾಗಿಲಿಗೆ ಬಂದು ಮಂಜಿನೊಳಕ್ಕೆ ಕರೆದಳು: "ಶಾನ್‌ಶೆಂಗ್, ಹಾಲು ತಾರೋ." ಈ ಸಲ ಸಿಟ್ಟಿರಲಿಲ್ಲ, ಆದರೂ ದನಿ ಬೀಸಣಿಗೆಗೇ ಇಳಿಯಿತು. ಉತ್ತರವಿಲ್ಲ. ನಾನು ಹೊರಗೆ ಹೋಗಿ ನೋಡಿದೆ. ಅವನು ಕೊಟ್ಟಿಗೆಯ ಹಿಂದೆ, ತುಂಬಿದ ಕೊಡ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ. ಹಸುವಿನ ಉಸಿರೂ ಅವನ ಉಸಿರೂ ಒಂದೇ ಮಂಜಾಗುತ್ತಿತ್ತು. ನನ್ನನ್ನು ನೋಡಿ ಬೆರಳನ್ನು ತುಟಿಗೆ ಒತ್ತಿಕೊಂಡ.

"ಶಾನ್‌ಶೆಂಗ್! ಕಿವುಡೇನೋ ನಿಂಗೆ?" ಅವ್ವ ಮತ್ತೆ ಕೂಗಿದಳು.

ಅವನು ಇನ್ನೂ ಅಲುಗಲಿಲ್ಲ. ಕೊಡದ ಹಾಲಿನ ಮೇಲೆ ಹಬೆ ಏಳುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡು ಮೂರನೆಯ ಕರೆಗೆ ಕಾಯುತ್ತಿದ್ದ.